ಆರನೇ ಸಾಲಿನ ಹೆಸರು

ಜನವರಿ 19, 1976. ಸೋಮವಾರ. ಬೆಳಿಗ್ಗೆ 6

ಹೀಟ್ ಇಲ್ಲ. ಇವತ್ತಿಗೆ ಮೂರು ದಿನ. ಕಾರ್ಮೆನ್ ಓವನ್ ಬಾಗಿಲು ತೆರೆದು ಸಾಕ್ಸ್ ಒಣಗಿಸುತ್ತಿದ್ದಾಳೆ. ಇಡೀ ನ್ಯೂಯಾರ್ಕಿಗೆ ಕೋಟು ಹೊಲಿಯುವವರು ನಾವು — ಅವಳು ಲೈನಿಂಗ್, ನಾನು ಗುಂಡಿ. ಹೋಬೋಕನ್ನಿನ ಈ ರೂಮಿನಲ್ಲಿ ಇಬ್ಬರಿಗೂ ಸೇರಿ ಒಂದೂವರೆ ಕೋಟು. ಅವಳದಕ್ಕೆ ತೋಳು ಹರಿದಿದೆ.

ಏಳರಿಂದ ಎರಡರವರೆಗೆ ಫ್ಯಾಕ್ಟರಿ. ಆಮೇಲೆ ಬಸ್ಸು, ಕಾಲೇಜು.

ಸಂಜೆ

ಫೈನಾನ್ಷಿಯಲ್ ಏಡ್ ಕಿಟಕಿಯಲ್ಲಿ ಫಾರಂ ಕೊಟ್ಟರು. 1975ರ ಟ್ಯಾಕ್ಸಿನಲ್ಲಿ ನಿಮ್ಮ ತಂದೆತಾಯಿ ನಿಮ್ಮನ್ನು ಡಿಪೆಂಡೆಂಟ್, ಅಂದರೆ ತಮ್ಮ ಆಶ್ರಯದಲ್ಲಿರುವವರು, ಎಂದು ಕ್ಲೈಮ್ ಮಾಡುತ್ತಾರೆಯೇ? ಹೌದು ಎಂದರೆ ಅಪ್ಪನ ಇಂಜಿನಿಯರ್ ಸಂಬಳ ನೋಡುತ್ತಾರೆ, ಬಿಡಿಗಾಸೂ ಬರುವುದಿಲ್ಲ. ಇಲ್ಲ ಎಂದರೆ ನನ್ನ ಗುಂಡಿ ಸಂಬಳ ನೋಡುತ್ತಾರೆ, ಪೂರ್ತಿ ಗ್ರಾಂಟ್. ಸಾಬೀತಿಗೆ ಅಪ್ಪನ ಟ್ಯಾಕ್ಸ್ ರಿಟರ್ನಿನ ಕಾಪಿ ಬೇಕು. ಗ್ರಾಂಟ್ ಇಲ್ಲದಿದ್ದರೆ ಸೆಪ್ಟೆಂಬರಿಗೆ ನನ್ನ ಓದು ಮುಗಿಯಿತು. ಕೂಡಿಟ್ಟದ್ದು ಈ ಸೆಮಿಸ್ಟರಿಗೇ ಸರಿ ಹೋಯಿತು.

ಲೈಬ್ರರಿಯ ಡಿಕ್ಷನರಿ ನೋಡಿದೆ. ಡಿಪೆಂಡ್ — ಮೂಲದಲ್ಲಿ ನೇತಾಡು ಎಂದು ಅರ್ಥವಂತೆ. ಹದಿಮೂರು ತಿಂಗಳಿಂದ ನನ್ನ ಕಾಲ ಮೇಲೆ ನಿಂತಿದ್ದೇನೆ. ಯಾರ ಕೊರಳಿಗೂ ನೇತುಬಿದ್ದಿಲ್ಲ.

ಜನವರಿ 25. ಭಾನುವಾರ

ಮನೆಗೆ ಫೋನ್ ಮಾಡಿದೆ. ಅಪ್ಪ ಎತ್ತಿಕೊಂಡ. ವಿಷಯ ಹೇಳಿದೆ.

"ನನ್ನ ಮಗಳ ಹೆಸರು ನಾನು ಬರೆಯೋಕೆ ನಿನ್ನ ಕಾಲೇಜಿನ ಅಪ್ಪಣೆ ಬೇಕಾ?" ಅಂದ. ಇಟ್ಟ.

ಮಗಳಂತೆ. 74ರ ಡಿಸೆಂಬರ್ ನೆನಪಿದೆ ನನಗೆ. ಡೆಲೋರಿಸ್ ಊಟಕ್ಕೆ ಬಂದಿದ್ದಳು. ನನ್ನ ಕ್ಲಾಸಿನವಳು, ಬಾಡಿಗೆದಾರರ ಸ್ಟ್ರೈಕಿನಲ್ಲಿ ನನ್ನ ಜೊತೆ ಬೋರ್ಡು ಹಿಡಿದವಳು, ಕಪ್ಪು ಹುಡುಗಿ. ಅವ್ವನ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಅವಳು ಬಾಗಿಲು ದಾಟಿದ್ದೇ ತಡ, ಅಪ್ಪ ಅವಳು ನೀರು ಕುಡಿದ ಸ್ಟೀಲ್ ಲೋಟವನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದ. ಅದೇ ವರ್ಷ ಬಸವ ಜಯಂತಿಗೆ ಸಮಾನತೆಯ ಮೇಲೆ ಮುಕ್ಕಾಲು ಗಂಟೆ ಮಾತಾಡಿದ್ದ ಪಂಚಾಕ್ಷರಯ್ಯನವರು ಇವರೇ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ನಾನೂ ತಟ್ಟಿದ್ದೆ.

ಆ ರಾತ್ರಿಯೇ ಬಿಟ್ಟೆ ಆ ಮನೆ. ಅವ್ವ ಏನೂ ಅನ್ನಲಿಲ್ಲ. ಯಾವಾಗಲೂ ಏನೂ ಅನ್ನುವುದಿಲ್ಲ.

ಫೆಬ್ರವರಿ 29. ಭಾನುವಾರ

ಹೋಗಿದ್ದೆ, ಜರ್ಸಿ ಸಿಟಿಗೆ, ದ್ವಾರಕಾನಾಥ ಅಂಕಲ್ ಮನೆಗೆ. ಅಪ್ಪ ಅವ್ವ ಟ್ಯಾಕ್ಸ್ ಬರೆಸಲು ಬರುತ್ತಾರೆಂದು ಅವರೇ ತಿಳಿಸಿದ್ದರು. ಅಂಕಲ್ ಒಂದು ಆಫೀಸಿನಲ್ಲಿ ಅಕೌಂಟ್ಸ್ ಕ್ಲರ್ಕ್. ಸುತ್ತಲಿನ ಕನ್ನಡದವರ ಫಾರಂ ಎಲ್ಲ ಅವರ ಊಟದ ಮೇಜಿನ ಮೇಲೆಯೇ ಆಗುವುದು. ಮೊದಲು ಪೆನ್ಸಿಲ್, ಆಮೇಲೆ ಇಂಕು. ಫೀಸು — ಅರ್ಧ ಪೌಂಡ್ ಕಾಫಿಪುಡಿ.

"ಬಾಮ್ಮ ರೆವಲ್ಯೂಷನರಿ," ಅಂದರು. "ಬೂಟ್ಸ್ ಅಲ್ಲೇ ಬಿಡು. ಕ್ರಾಂತಿ ಒಳಗೆ ತಂದ್ರೂ ಪರವಾಗಿಲ್ಲ, ಕಾರ್ಪೆಟ್ ಹೊಸದು."

ಅಪ್ಪ ನನ್ನತ್ತ ನೋಡಲಿಲ್ಲ. ಆರನೇ ಸಾಲಿನಲ್ಲಿ ಪೆನ್ಸಿಲಿನಿಂದ ನನ್ನ ಹೆಸರು ಆಗಲೇ ಬಿದ್ದಿತ್ತು.

"ಮಗಳನ್ನ ಮಗಳು ಅಂತ ಬರೆದುಕೊಟ್ರೆ ಸುಳ್ಳೇನ್ರೀ?"

"ಮಗಳು ಅನ್ನೋದು ನಿಜ ಪಂಚಾಕ್ಷರಯ್ಯನವರೇ. ಈ ಸಾಲು ಕೇಳೋದು ನಿಮ್ಮ ಜೊತೆ ವಾಸ ಇದ್ದ ಮಕ್ಕಳ ಹೆಸರು. ಅವಳ ಖರ್ಚಲ್ಲಿ ಅರ್ಧಕ್ಕಿಂತ ಜಾಸ್ತಿ ನೀವು ಹಾಕಿರಬೇಕು. ಹಾಕಿದೀರಾ?"

"ಅವಳು ತಗೊಂಡಿದ್ರೆ ಹಾಕ್ತಿದ್ದೆ."

"ಕೊಡೋಕೆ ರೆಡಿ ಇದ್ದೆ ಅನ್ನೋದಕ್ಕೆ ಇಲ್ಲಿ ಸಾಲಿಲ್ಲವಲ್ಲ."

ನಾನು ಅಂದೆ, "ತೆಗೀರಿ ಅಪ್ಪಾಜಿ. ಅಷ್ಟೇ ಕೇಳ್ತಿರೋದು."

"ಮನೆಗೆ ಬಾ. ಫೀಸು ನಾನು ಕಟ್ತೀನಿ."

"ಡೆಲೋರಿಸ್‌ನ ಕರ್ಕೊಂಡು ಬರ್ಲಾ?"

ಅಪ್ಪ ಅಂಕಲ್ ಕಡೆಗೆ ತಿರುಗಿದ. "ತೆಗೀರಿ ದ್ವಾರಕಾನಾಥ್. ಇಂಥೋಳೊಬ್ಳು ನಮ್ಮನೇಲಿ ಹುಟ್ಟೇ ಇಲ್ಲ ಅಂದ್ಕೊಂಡು ತೆಗೀರಿ."

ಅಂಕಲ್ ರಬ್ಬರ್ ತೆಗೆದುಕೊಂಡು ಉಜ್ಜಿದರು. ಪುಡಿಯನ್ನು ಊದಿದರು. ಪಕ್ಕದ ಚೌಕದಲ್ಲಿ ಸೊನ್ನೆ ಬರೆದರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಏನು ತೆಗೆದ್ರಿ?" ಎಂದು ಕೇಳಿದಳು. ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಗೆದ್ದೆ. ಬಸ್ಸಿನಲ್ಲಿ ಕೂತಾಗ ಮಣ್ಣು ಮಾಡಿ ಬಂದವಳ ಹಾಗೆ ಕೈ ತೊಳೆದುಕೊಳ್ಳಬೇಕೆನಿಸಿತು.

ಏಪ್ರಿಲ್ 17. ಶನಿವಾರ

ಅಂಕಲ್ ಕಳಿಸಿದ ಕವರ್ ಬಂತು. ರಿಟರ್ನಿನ ಜೆರಾಕ್ಸ್. ಜೊತೆಗೆ ಅವರ ಚೀಟಿ: ‘ನಾನು ನೋಡಿರಲಿಲ್ಲ ಮರಿ. ನಿಮ್ಮಪ್ಪನೂ ನೋಡಿಲ್ಲ. ಜಾಯಿಂಟ್ ರಿಟರ್ನ್ ಅಲ್ಲವೇ, ಇಬ್ಬರ ಸಹಿಯೂ ಬೇಕು. ಕೊನೆಗೆ ನಿಮ್ಮ ತಾಯಿ ಕೈಗೆ ಕೊಟ್ಟದ್ದು. ಅಪ್ಪ ಹಾಗೇ ಕಾಪಿ ತೆಗೆಸಿ, ಹಾಗೇ ಪೋಸ್ಟ್ ಮಾಡಿದ್ದಾರೆ.’

ಆರನೇ ಸಾಲು. ಅಂಕಲ್ ಉಜ್ಜಿ ಖಾಲಿ ಮಾಡಿದ್ದ ಜಾಗ. ಅಲ್ಲಿ ಬಾಲ್‌ಪೆನ್ನಿನಲ್ಲಿ, ಕನ್ನಡದಲ್ಲಿ, ಒತ್ತಿ ಒತ್ತಿ ಬರೆದಿದೆ:

ರೇಣುಕ.

ದೀರ್ಘ ಬಿಟ್ಟಿದ್ದಾಳೆ. ಅವ್ವ ನನ್ನ ಹೆಸರಿಗೆ ಯಾವತ್ತೂ ದೀರ್ಘ ಕೊಟ್ಟವಳಲ್ಲ. ಪಕ್ಕದ ಸೊನ್ನೆ ಹಾಗೆಯೇ ಇದೆ.

ಕಾರ್ಮೆನ್ ಕಾಗದವನ್ನು ದೀಪಕ್ಕೆ ಹಿಡಿದು ನೋಡಿದಳು. "ಇದನ್ನ ಓದೋಕೆ ಆ ಕಾಲೇಜಲ್ಲಿ ಯಾರಿಗೆ ಬರುತ್ತೆ? ಹೂವಿನ ಚಿತ್ರ ಅಂತ ಹೇಳು. ನಿಮ್ಮಮ್ಮನಿಗೆ ಹೂ ಬರೆಯೋ ಕಾಯಿಲೆ ಅಂತ ಹೇಳು."

ನಕ್ಕೆವು. ಅವಳೇ ಮೊದಲು ನಗು ನಿಲ್ಲಿಸಿದ್ದು.

ಏಪ್ರಿಲ್ 26. ಸೋಮವಾರ

ಕಾಲೇಜಿನ ಆ ಕಿಟಕಿಯ ಹೆಂಗಸು ಒಳ್ಳೆಯವಳು. ಅದೇ ತೊಂದರೆ. ಕೆಟ್ಟವಳಾಗಿದ್ದರೆ ಜಗಳವಾಡಬಹುದಿತ್ತು, ನನಗೆ ಬರುವುದು ಅದೊಂದೇ.

"ಇದೇನು ಬರವಣಿಗೆ?"

"ನನ್ನ ತಾಯಿಯ ಸಹಿ," ಅಂದೆ. ತಪ್ಪಿ ಇಲ್ಲಿ ಹಾಕಿದ್ದಾಳೆ, ಇಂಗ್ಲಿಷ್ ಬರುವುದಿಲ್ಲ ಎಂದೆ.

ಅವಳು ಪುಟ ತಿರುಗಿಸಿದಳು. ಕೆಳಗೆ ಅವ್ವನ ನಿಜವಾದ ಸಹಿ — ಗೌರಮ್ಮ. ಎರಡರ ಮೇಲೂ ಬೆರಳಿಟ್ಟು, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಹೋಲಿಸಿ ನೋಡಿದಳು. ಒಂದು ಅಕ್ಷರವೂ ಓದಲು ಬಾರದವಳು.

"ನಿಮ್ಮ ತಾಯಿಗೆ ಎರಡು ಹೆಸರಾ?"

ಮೇಲೆ ಬರೆದಿರುವುದನ್ನು ಜೋರಾಗಿ ಓದಲು ಹೇಳಿದಳು. ಓದಿದೆ. ಅರ್ಜಿಯ ಮೇಲಿನ ನನ್ನ ಹೆಸರು ನೋಡಿದಳು.

ಹೆಸರಿದೆ, ಸಂಖ್ಯೆ ಸೊನ್ನೆ ಇದೆ, ಎರಡರಲ್ಲಿ ಯಾವುದು ನಿಜ ಎಂದು ನಾನು ತೀರ್ಮಾನಿಸುವ ಹಾಗಿಲ್ಲ ಅಂದಳು. ತಿದ್ದುಪಡಿ ಫಾರಂ ಒಂದಿದೆ. ಹೆಸರು ತೆಗೆದು, ತಂದೆತಾಯಿ ಇಬ್ಬರೂ ಸಹಿ ಮಾಡಿ ಟ್ಯಾಕ್ಸ್ ಇಲಾಖೆಗೆ, ಐಆರ್‌ಎಸ್‌ಗೆ, ಕಳಿಸಬೇಕು, ಅದರ ಕಾಪಿ ಜುಲೈ 30ರೊಳಗೆ ಇಲ್ಲಿಗೆ ಬರಬೇಕು. ಬಂದರೆ ನೀನು ಇಂಡಿಪೆಂಡೆಂಟ್.

ಇಬ್ಬರ ಸಹಿ. ಅಪ್ಪನದು ಸಿಗುತ್ತದೆ. ಸಿಟ್ಟಿಗಾದರೂ ಹಾಕುತ್ತಾನೆ.

ಜುಲೈ 4. ಭಾನುವಾರ

ಊರೆಲ್ಲ ಹಡಗು ನೋಡಲು ನದಿ ದಂಡೆಯಲ್ಲಿ. ದೇಶ ಸ್ವತಂತ್ರವಾಗಿ ಇನ್ನೂರು ವರ್ಷ. ನಾನು ಸಹಿ ಬೇಡಲು ಮನೆಗೆ.

ಅಪ್ಪ ಫಾರಂ ಓದಲೇ ಇಲ್ಲ. ಒಂದೇ ಗೀಟಿನಲ್ಲಿ ಸಹಿ ಎಳೆದು ಎದ್ದು ಹೋದ.

ಅವ್ವ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಕಾರ್ಡಿಂದ ಹೆಸ್ರು ಯಾವಾಗ ತೆಗೆಸ್ತಾರೆ? ನೀನೇ ಹೇಳು. ನಿಮ್ಮಜ್ಜಿ ಸತ್ತಾಗ ತುಮಕೂರಲ್ಲಿ ನಾನೇ ಕಾರ್ಡ್ ಹಿಡ್ಕೊಂಡು ಕ್ಯೂ ನಿಂತಿದ್ದೆ. ಡಿಪೋದವ್ನು ಕೆಂಪು ಇಂಕಲ್ಲಿ ಗೀಟು ಹಾಕ್ದ. ಸಕ್ಕರೆ ಕಮ್ಮಿ ಮಾಡ್ದ. ಆವತ್ತೇ ನಂಗೆ ಅವ್ರು ಸತ್ರು ಅನ್ನಿಸಿದ್ದು."

"ಇದು ರೇಷನ್ ಕಾರ್ಡಲ್ಲ ಅವ್ವ."

"ಸರ್ಕಾರದ್ದು ಹೌದೋ ಅಲ್ವೋ?"

"ಹೌದು."

"ಮನೆಮಂದಿ ಹೆಸ್ರು ಬರೆಯೋದು ಹೌದೋ ಅಲ್ವೋ?"

"ಹೌದು," ಅಂದೆ.

"ಮತ್ತೆ?"

ನನ್ನ ಓದು ನಿಂತುಹೋಗುತ್ತೆ ಅಂದೆ. ಮನೆಗೆ ಬಂದು ಓದು ಅಂದಳು. ಈ ಮನೆಗೆ ಬರಲ್ಲ ಅಂದೆ. ಲೋಟ ಎಸೆದಾಗ ಬಾಯಿಬಿಡದವಳು ಈಗ ಒಂದು ಸಹಿಗೆ ಹಟ ಹಿಡೀತೀಯಲ್ಲ ಎಂದು ಕೂಗಿದೆ. ಫ್ಯಾಕ್ಟರಿ ಯಜಮಾನರನ್ನು, ಮನೆಮಾಲೀಕರನ್ನು ಬೈದ ಬಾಯಿಯಲ್ಲೇ ಅವಳನ್ನೂ ಬೈದೆ.

ಅವ್ವ ಕೂಗಲಿಲ್ಲ. "ಆವಾಗ ಸುಮ್ನಿದ್ದೆ. ನೀನು ಹೋದೆ," ಅಂದಳು. "ಬರೋದಿಲ್ಲ ಅಂತೀಯ. ಹೆಸ್ರಾದ್ರೂ ಇರ್ಲಿ ಬಿಡು."

ಎಷ್ಟು ಮೀಟಿಂಗು, ಎಷ್ಟು ಕರಪತ್ರ. ಇದಕ್ಕೆ ಯಾವ ಘೋಷಣೆ ಕೂಗುವುದೆಂದು ಯಾರೂ ಹೇಳಿಕೊಟ್ಟಿಲ್ಲ.

ಜುಲೈ 29. ಗುರುವಾರ

ಅಂಕಲ್ ಮನೆ. ಫಾರಂ ಮೇಜಿನ ಮೇಲೆ. ಅಪ್ಪನ ಸಹಿ ಇದೆ, ಅವ್ವನ ಜಾಗ ಖಾಲಿ.

"ನಿಂಗೆ ನಿಮ್ಮ ತಾಯಿ ಅಕ್ಷರ ಚೆನ್ನಾಗಿ ಗೊತ್ತಲ್ವಾ," ಅಂದರು ಅಂಕಲ್. ಎಲ್ಲೋ ನೋಡುತ್ತಾ ಅಂದರು. ಪೆನ್ನಿನ ಮುಚ್ಚಳ ತೆಗೆದಿಟ್ಟು, "ಕಾಫಿ ಮಾಡ್ಕೊಂಡ್ ಬರ್ತೀನಿ, ಟೈಮ್ ಹಿಡಿಯುತ್ತೆ" ಎಂದು ಒಳಗೆ ಹೋದರು.

ನಿಜವಾಗಿಯೂ ಟೈಮ್ ಹಿಡಿಸಿದರು. ಪಾಪ.

‘ಗೌ’ ಬರೆದೆ. ಅವಳದೇ ‘ಗೌ’, ಕೊನೆಗೆ ಹಾಗೇ ಸುರುಳಿ. ‘ರ’ ಬರೆಯಲಾಗಲಿಲ್ಲ. ಸಾಯಿಸಲು ಒಲ್ಲೆ ಅಂದವಳ ಕೈ ಹಿಡಿದು ಅವಳಿಂದಲೇ ಗೀಟು ಹಾಕಿಸಿದ ಹಾಗಾಯಿತು.

ಅಂಕಲ್ ಬಂದರು, ನೋಡಿದರು. ಕಾಫಿ ಕೊಟ್ಟರು. ಸಕ್ಕರೆ ಹಾಕಲು ಮರೆತಿದ್ದರು.

ಸೆಪ್ಟೆಂಬರ್ 8

ಗ್ರಾಂಟ್ ಇಲ್ಲ. ಫೀಸಿನ ಕೊನೆಯ ದಿನ ನಿನ್ನೆಗೆ ಮುಗಿಯಿತು. ಇವತ್ತಿನಿಂದ ಫುಲ್ ಶಿಫ್ಟ್. ಫೋರ್‌ಮನ್ ಖುಷಿಯಲ್ಲಿದ್ದಾನೆ.

ಅಪ್ಪನ ರಿಟರ್ನಿನ ಬಗ್ಗೆ ಐಆರ್‌ಎಸ್ ಈವರೆಗೆ ಏನೂ ಕೇಳಿಲ್ಲ. ಅವರ ಲೆಕ್ಕಕ್ಕೆ ಸೊನ್ನೆ ಸಾಕಾಯಿತೇನೋ. ಆ ಹೆಸರು ಅಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಬಿದ್ದದ್ದು ಒಂದೇ ಕಡೆ, ಕಾಲೇಜಿನ ಕಿಟಕಿಯಲ್ಲಿ.

ಅಕ್ಟೋಬರ್ 3

ಬರೆಯಲು ಏನೂ ಇಲ್ಲ. ಗುಂಡಿ, ಗುಂಡಿ, ಗುಂಡಿ.

ಫೆಬ್ರವರಿ 12, 1978. ಭಾನುವಾರ

ಈ ಡೈರಿ ಟ್ರಂಕಿನಲ್ಲಿ ಸಿಕ್ಕಿತು. ಬರೆದು ಹದಿನಾರು ತಿಂಗಳು. ಹಿಮ ಬಿದ್ದು ವಾರವಾಯಿತು, ರಸ್ತೆಯ ಎರಡೂ ಕಡೆ ಕಪ್ಪು ಗುಡ್ಡ. ಫ್ಯಾಕ್ಟರಿ ಮೂರು ದಿನ ಮುಚ್ಚಿತ್ತು. ಮೂರು ದಿನದ ಕೂಲಿ ಇಲ್ಲ — ಯೂನಿಯನ್ ಕಮಿಟಿಯಲ್ಲಿ ಕೇಳಿದೆ, ಕೊಡಲಿಲ್ಲ. ಕಾರ್ಮೆನ್ ಮದುವೆಯಾಗಿ ನ್ಯೂವಾರ್ಕಿಗೆ ಹೋದಳು.

ಬೆಳಿಗ್ಗೆ ಅವ್ವನ ಫೋನ್. ಅವಳೇ ನಂಬರ್ ತಿರುಗಿಸಿದ್ದು, ಮೊದಲ ಸಲ. ದ್ವಾರಕಾನಾಥ ಅಂಕಲ್ ಮನೆಯಿಂದ.

"ಹೋದ್ ವರ್ಷನೂ ನಾನೇ ಬರೆದೆ, ಏನೂ ಆಗ್ಲಿಲ್ಲ. ಈ ಸಲ ಇವ್ರು ಬರೆಯೋಹಾಗೇ ಇಲ್ಲ ಅಂತಾವ್ರೆ. ಸರ್ಕಾರನೇ ತೆಗೆದ್‌ಬಿಡ್ತಾ ನಿನ್ ಹೆಸ್ರ?"

"ಹೂಂ ಅವ್ವ. ನಂಗೆ ಇಪ್ಪತ್ತೆರಡು. ಓದ್ತಾ ಇದ್ರೆ ಮಾತ್ರ ಮಕ್ಕಳು ಅಂತ ಬರೀಬಹುದು. ನಾನು ಓದ್ತಿಲ್ವಲ್ಲ."

ಹಿಂದೆ ಅಂಕಲ್ ಏನೋ ಮೆಲ್ಲಗೆ ಹೇಳುವುದು ಕೇಳಿಸಿತು. ಬಹಳ ಹೊತ್ತು ಹೇಳಿದರು. ಒಂದೂವರೆ ವರ್ಷದ ಹಿಂದೆ ನಾನು ಕೂಗಿ ಹೇಳಿದ್ದನ್ನೇ ಅವರು ಮೆಲ್ಲಗೆ ಹೇಳುತ್ತಿದ್ದರು.

"ಹಂಗಾರೆ ನಾ ಬರೆದಿದ್ದಕ್ಕೇನಾ..." ಅಂದಳು. ಮುಗಿಸಲಿಲ್ಲ.

ಇಲ್ಲ ಅವ್ವ ಅನ್ನಬಹುದಿತ್ತು. ಸುಳ್ಳು. ಹೌದು ಅನ್ನಬಹುದಿತ್ತು. ಅದೂ ಪೂರ್ತಿ ನಿಜವಲ್ಲ.

"ಮಗಾ, ಮತ್ತೆ ಸೇರ್ಕೊ. ಆ ಕಾಗ್ದ ತಗೊಂಬಾ. ಎಲ್ಲಿ ಅಂದ್ರೆ ಅಲ್ಲಿ ಸಹಿ ಹಾಕ್ತೀನಿ. ತೆಗೀಬೇಕು ಅಂದ್ರೆ ನಾನೇ ತೆಗೀತೀನಿ."

ಯೂನಿಯನ್ನಿನ ಮಾತಿಗೆ ತಡವರಿಸಿದವಳಲ್ಲ ನಾನು. ಗೋಡೆಗೆ ಒರಗಿ, ಫೋನಿನ ವೈರು ಬೆರಳಿಗೆ ಸುತ್ತಿಕೊಂಡು ನಿಂತೆ. ಕೊನೆಗೆ ಹೇಳಿದೆ, ಅವ್ವ, ಈಗ ಆ ಕಾಗದ ಬೇಕಾಗಿಲ್ಲ, ನೀನು ಬರೆದ ಹೆಸರು ಇದ್ದಲ್ಲೇ ಇರಲಿ.