ಬಾಗಿಲು ಹಾಕಿಕೊಂಡು ಬಟನ್ ಒತ್ತಿ ನೋಡಿ

ಕಾರ್ಖಾನೆಗಳ ಸುರಕ್ಷತಾ ಅಧಿಕಾರಿಗಳೇ,

ಇಲ್ಲ, ನಾನು ಕುಡಿದಿರಲಿಲ್ಲ. ಶೈತ್ಯಾಗಾರದ ಬಾಗಿಲಿಗೆ ಇಟ್ಟಿಗೆ ಇಟ್ಟವನು ನಾನೇ, ನಿಮ್ಮ ಕೋಣೆಯಲ್ಲಿ ಕಿರುಚಾಡಿದವನೂ ನಾನೇ. ಆದರೆ ಕುಡಿದಿರಲಿಲ್ಲ, ಯಾರೂ ನನ್ನನ್ನು ಎತ್ತಿಕಟ್ಟಿರಲೂ ಇಲ್ಲ. ನನಗೆ ಹೆದರಿಕೆಯಾಗಿತ್ತು. ಈಗಲೂ ಆಗುತ್ತಿದೆ. ನಮ್ಮಕ್ಕನ ಕೊರಳಿಗೆ ನೇತುಹಾಕಿರುವ ತುರ್ತು ಬಟನ್, ಶೈತ್ಯಾಗಾರದ ಬಾಗಿಲು ಮುಚ್ಚಿದರೆ ಯಾರನ್ನೂ ಕರೆಯುವುದಿಲ್ಲ. ಕರೆಯುತ್ತದೆ ಎಂದು ನೀವು ಸಹಿ ಹಾಕಿದ್ದೀರಿ. ಸೋಮವಾರ ಅವಳು ಮತ್ತೆ ಅದರೊಳಗೆ ಹೋಗುತ್ತಾಳೆ, ಒಬ್ಬಳೇ. ನನ್ನನ್ನು ಗೇಟಿನೊಳಗೆ ಬಿಡುವುದಿಲ್ಲ. ಇದು ದೂರು. ಮಿಕ್ಕಿದ್ದೆಲ್ಲ ವಿವರ.

"ಎಷ್ಟು ಓದಿದ್ದೀಯ ನೀನು?" ಎಂದು ಎಲ್ಲರ ಮುಂದೆ ಕೇಳಿದಿರಲ್ಲ, ಹೇಳಿಬಿಡುತ್ತೇನೆ. ಎಂಟನೇ ಕ್ಲಾಸಿಗೆ ಬಿಟ್ಟೆ. ಅಕ್ಕ ಇರುವ ಕಾರ್ಖಾನೆಯಲ್ಲೇ ಲಾರಿಗೆ ಪೆಟ್ಟಿಗೆ ಹೇರುತ್ತಿದ್ದೆ, ನಿಮ್ಮ ಒಂದು ಫೋನಿನಿಂದ ಅದೂ ಹೋಯಿತು. ರೇಡಿಯೋ ಅಲೆ ಗಾಳಿಯಲ್ಲಿ ಹೇಗೆ ಹೋಗುತ್ತದೆ ಎಂದು ನನಗೆ ಗೊತ್ತಿಲ್ಲ. ಗೊತ್ತಿರಬೇಕಾದವನು ನಾನಲ್ಲ. ನಾನು ಕೇಳಿದ್ದು ಓದಿನ ಪ್ರಶ್ನೆಯೂ ಅಲ್ಲ. ಬಾಗಿಲು ಮುಚ್ಚಿ ಪರೀಕ್ಷೆ ಮಾಡಿದಿರಾ, ಇಲ್ಲವಾ? ಇದಕ್ಕೆ ಹೌದು ಅಥವಾ ಇಲ್ಲ ಎನ್ನಲು ಯಾವ ಡಿಗ್ರಿ ಬೇಕು, ಸ್ವಾಮಿ?

ಇದನ್ನು ಬೇರೆಯವರೂ ಓದಲಿ ಎಂದೇ ಬರೆಯುತ್ತಿರುವುದರಿಂದ ಆ ಕೋಣೆ ಎಂಥದ್ದು ಎಂದು ಹೇಳಬೇಕು. ಬಟಾಣಿ, ಜೋಳ, ಮೀನು ಎಲ್ಲವನ್ನೂ ಕಲ್ಲಿನಂತೆ ಹೆಪ್ಪುಗಟ್ಟಿಸಿ ಇಡುವ ಕೋಣೆ. ಗೋಡೆ ಗೇಣುದ್ದ ದಪ್ಪ, ಒಳಗೂ ಹೊರಗೂ ತಗಡು. ಬಾಗಿಲಿನ ಅಂಚಿಗೆಲ್ಲ ರಬ್ಬರು. ಎಷ್ಟು ಜೋರಾಗಿ ತಳ್ಳಿದರೂ ಅದು ಬಡಿದುಕೊಳ್ಳುವುದಿಲ್ಲ, ಬಾಯಿ ಮುಚ್ಚಿದ ಹಾಗೆ ಮೆತ್ತಗೆ ಕೂತುಕೊಳ್ಳುತ್ತದೆ. ಅಕ್ಕ ಅಲ್ಲಿ ಪೆಟ್ಟಿಗೆ ಜೋಡಿಸುತ್ತಾಳೆ. ಮೊದಲು ಒಳಗೆ ಇಬ್ಬರು ಇರಲೇಬೇಕು ಎನ್ನುವ ನಿಯಮವಿತ್ತು. ಅಕ್ಕನ ಜೊತೆಯವರನ್ನು ನಾವೆಲ್ಲ ವಟವಟಮ್ಮ ಎನ್ನುತ್ತಿದ್ದೆವು. ಬಾಯಿ ನಿಲ್ಲಿಸಿದರೆ ನಾಲಿಗೆ ಹೆಪ್ಪುಗಟ್ಟುತ್ತದೆ ಎಂದು ನಂಬಿದ್ದವರು. ಆ ಮೂಲೆಯಿಂದ ಅವರು "ಲೇ, ಇದ್ದೀಯೋ ಸತ್ತೆಯೋ?" ಎಂದು ಕೂಗುವುದು, ಈ ಮೂಲೆಯಿಂದ ಅಕ್ಕ "ಸತ್ತೆ ಕಣ್ರೀ, ನಿಮ್ಮ ಸೊಸೆ ಪುರಾಣ ಕೇಳಿ ಕೇಳಿ" ಎನ್ನುವುದು. ದಿನವಿಡೀ ಇದೇ. ಆಮೇಲೆ ಬಟನ್ ಬಂತು. ಒತ್ತಿದರೆ ವೈರಿಲ್ಲದೆ ಗೇಟಿನ ಕಾವಲುಗಾರನ ಫೋನು ಕೂಗಿಕೊಳ್ಳುತ್ತದಂತೆ, ಯಂತ್ರ ಯಂತ್ರದ ಜೊತೆ ತಾನೇ ಮಾತಾಡಿಕೊಳ್ಳುತ್ತದಂತೆ. ಬಟನ್ ಇರುವಾಗ ಇಬ್ಬರು ಯಾಕೆ ಎಂದು ಮಾಲೀಕರು ಕೇಳಿದರು. ಹೌದಲ್ಲ, ಯಾಕೆ ಎಂದು ನಿಮಗೂ ಅನ್ನಿಸಿತು. ನಿಯಮ ಸಡಿಲವಾಯಿತು. ವಟವಟಮ್ಮ ಮನೆಗೆ ಹೋದರು.

ಸದರಿ ಸಾಧನವು ತೃಪ್ತಿಕರವಾಗಿ ಕಾರ್ಯನಿರ್ವಹಿಸುತ್ತಿದೆ ಎಂದು ಬರೆದಿರಲ್ಲ, ಆ ತೃಪ್ತಿ ಹೇಗೆ ಬಂತು ಎಂದು ನಾನು ಕಣ್ಣಾರೆ ನೋಡಿದ್ದೇನೆ. ನೀವು ಹೊಸ್ತಿಲ ತನಕ ಬಂದಿರಿ. "ಅಬ್ಬಬ್ಬಾ, ಏನ್ರಯ್ಯಾ ಇದು ಚಳಿ!" ಎಂದು ಅಲ್ಲೇ ನಿಂತಿರಿ. ನೀವು ನೋಡಬೇಕಲ್ಲ, ಅದಕ್ಕೆ ಬಾಗಿಲು ಹಿಡಿದುಕೊಂಡು ನಿಲ್ಲು ಎಂದು ಮೇಲ್ವಿಚಾರಕರು ನನಗೇ ಹೇಳಿದರು. ಒಳಗಿನಿಂದ ಅಕ್ಕ ಒತ್ತಿದಳು. ಹಸಿರು ದೀಪ ಹತ್ತಿತು. ಗೇಟಿನಲ್ಲಿ ಫೋನು ಕೂಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟುತ್ತಿದ್ದೆನೇನೋ, ಆದರೆ ಕೈಯಲ್ಲಿ ಬಾಗಿಲಿತ್ತು. ತೆರೆದ ಬಾಗಿಲಿನಿಂದ ಅಕ್ಕ ಬಾಯಲ್ಲಿ ಕೂಗಿದ್ದರೂ ಗೇಟಿಗೆ ಕೇಳಿಸುತ್ತಿತ್ತು! ಅದಕ್ಕೆ ಬಟನ್ ಯಾಕೆ, ರೇಡಿಯೋ ಯಾಕೆ, ನೀವು ಯಾಕೆ? ಬಾಗಿಲು ತೆರೆದಿರುವಾಗ ಯಾರಾದರೂ ಸಹಾಯಕ್ಕೆ ಕರೆಯುತ್ತಾರಾ?

ಒಂದು ಮಧ್ಯಾಹ್ನ ಅಕ್ಕ ಒಳಗಿದ್ದಾಗ ಬಾಗಿಲು ಹಾಕಿಕೊಂಡಿತು. ಒಳಗಿನ ಹಿಡಿ ಮಂಜುಗಟ್ಟಿ ಅಲ್ಲಾಡಲಿಲ್ಲ. ಅವಳು ಒತ್ತಿದಳು. ಹಸಿರು ದೀಪ ಹತ್ತಿತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅವಳೂ ಅದನ್ನೇ ಮಾಡಿದಳು. ಪೆಟ್ಟಿಗೆಯ ಮೇಲೆ ಕೂತು ಕಾದಳು. ಬಾಗಿಲು ಬಡಿಯಲಿಲ್ಲ, ಕೂಗಲಿಲ್ಲ. ದೀಪ ಹತ್ತಿದೆಯಲ್ಲ, ಬರುತ್ತಾರೆ. ಲಾರಿಗೆ ಒಂದು ಪೆಟ್ಟಿಗೆ ಕಡಿಮೆ ಬಿತ್ತೆಂದು ನಾನು ಬಾಗಿಲು ತೆಗೆದೆ. ಅಷ್ಟೇ. ಒಂದು ಪೆಟ್ಟಿಗೆ ಬಟಾಣಿ ಸರಿಯಾಗಿದ್ದಿದ್ದರೆ ನಾನು ಹೋಗುತ್ತಲೇ ಇರಲಿಲ್ಲ. ಅಕ್ಕ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದಳು. ರೆಪ್ಪೆಯ ಮೇಲೆಲ್ಲ ಬಿಳಿ. ನನ್ನನ್ನು ನೋಡಿ ಬೈಯಲೂ ಇಲ್ಲ.

"ಯಾಕೋ ಇಷ್ಟೊತ್ತು? ಒತ್ತಿದ್ನಲ್ಲ," ಎಂದಳು. ಟೀ ತರುವುದು ತಡವಾಯಿತೇನೋ ಎಂಬಂತೆ.

ಅವಳನ್ನು ಹೊತ್ತುಕೊಂಡು ಗೇಟಿಗೆ ಓಡಿದೆ. ಕಾವಲುಗಾರ ಫೋನನ್ನು ಎದುರಿಗೇ ಇಟ್ಟುಕೊಂಡು ಕೂತಿದ್ದ. "ಏನೂ ಬಂದಿಲ್ಲಪ್ಪಾ, ನನ್ನಾಣೆ, ನೀನೇ ನೋಡು," ಎಂದು ಅಳುವುದಕ್ಕೇ ಬಂದ. ಅವನದು ತಪ್ಪಿಲ್ಲ. ಅಕ್ಕನ ಎಡಗೈಯ ಎರಡು ಬೆರಳ ತುದಿಗಳು ಕಪ್ಪಾಗಿವೆ. ಉಳಿಯುತ್ತವೋ ಇಲ್ಲವೋ ಕಾದು ನೋಡೋಣ ಎಂದಿದ್ದಾರೆ ಡಾಕ್ಟರು.

ಬಟನ್ ಮಾಡಿದ ಕಂಪನಿಯಿಂದ ಒಬ್ಬಳು ಇಂಜಿನಿಯರ್ ಹುಡುಗಿ ಬಂದಳು, ಲ್ಯಾಪ್‌ಟಾಪ್ ಹಿಡಿದುಕೊಂಡು. ಅವಳು ನಿಮ್ಮ ಹಾಗೆ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ, ಬಾಗಿಲು ಹಾಕಿಸಿಕೊಂಡು, ನಡುಗುತ್ತಾ ಹೊರಗೆ ಬಂದಳು. ಮುಖ ಬಿಳಿಚಿತ್ತು, ಅದು ಚಳಿಗಲ್ಲ. "ಒಂಚೂರೂ ಹೊರಗೆ ಬರ್ತಿಲ್ಲ. ಸುತ್ತ ತಗಡು. ಒಳಗೇ ಒಂದು ಆಂಟೆನಾ ಹಾಕ್ಬೇಕಿತ್ತು," ಎಂದಳು.

"ಮತ್ತೆ ದೀಪ ಹತ್ತಿತಲ್ಲ?" ಎಂದೆ.

ಅವಳು ನೆಲ ನೋಡಿದಳು. "ಅದು ಮಾದರಿ ಪ್ರೋಗ್ರಾಮು. ಇಂಥ ಬಟನ್ ಮಾಡಿ ನೋಡೋಕೆ ಡೆವಲಪ್‌ಮೆಂಟ್ ಕಿಟ್ ಅಂತ ಬಿಡಿಭಾಗ ತಗೊಂಡ್ರೆ ಜೊತೆಗೇ ಬರುತ್ತೆ, ಕಲಿಯೋರಿಗೆ ಅಂತ. ಒತ್ತಿದ್ರೆ ಸಂದೇಶ ಕಳಿಸುತ್ತೆ, ತಲುಪಲಿ ಬಿಡಲಿ ದೀಪ ಹತ್ತುತ್ತೆ, ಅಷ್ಟೇ. ಆ ಕಡೆಯಿಂದ 'ಸಿಕ್ತು' ಅಂತ ಉತ್ತರ ಬಂದ್ಮೇಲೆ ಹತ್ತೋ ಹಾಗೆ ತಿದ್ದಬೇಕು ಅಂತ ನಾನು ಹೇಳಿದ್ದೆ. ಅಷ್ಟರಲ್ಲಿ ಡಬ್ಬಕ್ಕೆ ಹಾಕಿ ಕಳಿಸಿಬಿಟ್ರು."

ಅಂದರೆ ಆ ಹಸಿರು ದೀಪಕ್ಕೆ ಅರ್ಥ, ನೀನು ಒತ್ತಿದೆ ಎಂದು. ಯಾರಿಗೋ ಕೇಳಿಸಿತು ಎಂದಲ್ಲ. ಒತ್ತಿದ್ದು ಅಕ್ಕನಿಗೆ ಗೊತ್ತಿರಲಿಲ್ಲವೇ? ಅವಳ ಬೆರಳೇ ಅಲ್ಲವೇ ಅದು?

ಹುಡುಗಿ ತನ್ನ ಕಂಪನಿಗೆ ಹೇಳುತ್ತೇನೆ ಎಂದು ಹೋದಳು. ಕಂಪನಿ ಮಾಲೀಕರಿಗೆ ಹೇಳಿತೋ, ಮಾಲೀಕರು ನಿಮಗೆ ಹೇಳಿದರೋ, ನನಗೆ ತಿಳಿಯದು. ಆಂಟೆನಾ ಅಂತೂ ಬರಲಿಲ್ಲ. ಅಕ್ಕ ರಜೆಯಲ್ಲಿದ್ದಳು, ಅವಳ ಜಾಗಕ್ಕೆ ಒಬ್ಬಳು ಹೊಸಬಳನ್ನು ಕಳಿಸಿದರು, ಕೊರಳಿಗೆ ಅದೇ ಬಟನ್. ನನಗೆ ತೋಚಿದ್ದು ಇಟ್ಟಿಗೆ. ಬಾಗಿಲಿನ ಸಂದಿಗೆ ಇಟ್ಟೆ. ಸರಕು ಮೆತ್ತಗಾಯಿತು ಎಂದಿರಿ, ಆಗಿರಬಹುದು. ಹೊರಗಿನ ಗಾಳಿ ನುಗ್ಗಿ ನೆಲವೆಲ್ಲ ಮಂಜುಗಟ್ಟಿತು, ಹೊಸಬಳು ಜಾರಿ ಬಿದ್ದಳು ಎಂದಿರಿ. ಅದು ನಿಜ. ಅವಳ ಮೊಣಕಾಲು ನೋಡಿ ನನಗೂ ಸಂಕಟವಾಯಿತು. ಇಟ್ಟಿಗೆ ಸರಿಯಾದ ದಾರಿಯಲ್ಲ, ಒಪ್ಪಿದೆ. ಸರಿಯಾದ ದಾರಿ ಯಾವುದು ಎಂದು ಕೇಳಲು ತಾನೇ ನಿಮ್ಮ ಕೋಣೆಗೆ ಬಂದದ್ದು? ನೀವು "ಸಾಧನ ಪರೀಕ್ಷೆಯಲ್ಲಿ ಪಾಸಾಗಿದೆ, ಕಣಯ್ಯಾ," ಎಂದಿರಿ. ನಾನು ಕಿರುಚಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ನಿಮ್ಮ ಇಲಾಖೆ ಅದಕ್ಕೂ ಮುಂದಿದೆ, ಒಳಗೆ ಮನುಷ್ಯರನ್ನು ಬಿಟ್ಟು ಬಾಗಿಲು ಹಾಕುತ್ತದೆ.

ಬರವಣಿಗೆಯಲ್ಲಿ ಕೊಡು ಎಂದಿರಿ. ನಿಮ್ಮ ಕಚೇರಿಯ ಜಾಲತಾಣಕ್ಕೆ ದೂರು ಕಳಿಸಿದೆ. ನಾನು ಬೆರಳು ಎತ್ತುವ ಮೊದಲೇ ಉತ್ತರ: "ತಮ್ಮ ಸಂದೇಶ ತಲುಪಿದೆ." ಅದರ ಪಕ್ಕ ಒಂದು ಗುರುತು. ಬಣ್ಣ ಯಾವುದು ಹೇಳಿ ನೋಡೋಣ?

ಈಗ ನಮ್ಮ ಮನೆಯ ಕಥೆ ಕೇಳಿ. ಅಕ್ಕ ಬಚ್ಚಲ ಬಾಗಿಲು ಪೂರ್ತಿ ಹಾಕಿಕೊಳ್ಳುವುದಿಲ್ಲ. ನಾನು ಹೊರಗೆ ಗೋಡೆಗೆ ಮುಖ ಮಾಡಿ ಕೂತಿರಬೇಕು.

"ಲೋ, ಇದ್ದೀಯೇನೋ?"

"ಇದ್ದೀನಿ ಕಣೇ."

ಎರಡು ಚೊಂಬು ನೀರಿನ ಸದ್ದು. ಮತ್ತೆ, "ಲೋ?"

"ಇಲ್ಲೇ ಇದ್ದೀನಿ, ಸ್ನಾನ ಮಾಡೇ ಮಹಾರಾಯ್ತಿ, ನೀರು ಮುಗಿಯುತ್ತೆ."

ಇಷ್ಟೇ, ಅಧಿಕಾರಿಗಳೇ. ಆ ಯಂತ್ರ ಮಾಡಬೇಕಾಗಿದ್ದದ್ದು ಇಷ್ಟೇ. ಕೂಗಿದರೆ ಇದ್ದೀನಿ ಎನ್ನಬೇಕು. ಯಾರೂ ಇಲ್ಲದಿದ್ದರೆ ಇದ್ದಾರೆ ಎನ್ನಬಾರದು. ವಟವಟಮ್ಮ ಇದನ್ನು ಪುಕ್ಕಟೆಯಾಗಿ ಮಾಡುತ್ತಿದ್ದರು.

ಕೆಲಸ ಬಿಡು ಎಂದೆ ಅಕ್ಕನಿಗೆ. "ನಿನ್ನ ಕೆಲಸ ಹೋಯ್ತು, ನನ್ನದೂ ಹೋದ್ರೆ ಇಬ್ಬರೂ ಗೋಡೆಗೆ ಮುಖ ಮಾಡಿ ಕೂತ್ಕೊಳ್ಳೋಣ್ವಾ?" ಎಂದಳು. ನಗುತ್ತಲೇ ಹೇಳಿದಳು. ಕೈಯ ಬಟ್ಟೆ ಬಿಚ್ಚಿ ಸುತ್ತುತ್ತಿದ್ದಳು, ಮೂರನೇ ಸಲ.

ನನ್ನ ಕೆಲಸ ವಾಪಸ್ ಕೊಡಿಸಿ ಎಂದು ನಾನು ಕೇಳುತ್ತಿಲ್ಲ. ಕೇಳುವುದು ಇದು. ಸೋಮವಾರದೊಳಗೆ ನೀವು ಆ ಕೋಣೆಗೆ ಬನ್ನಿ. ಹೊಸ್ತಿಲು ದಾಟಿ. ಅಕ್ಕನ ಬಟನ್ನು ನಿಮ್ಮ ಕೊರಳಿಗೆ ಹಾಕಿಕೊಳ್ಳಿ. ಬಾಗಿಲು ನಾನು ಹಾಕುತ್ತೇನೆ, ನನಗೆ ಅಭ್ಯಾಸವಿದೆ. ಹೆದರಬೇಡಿ, ನನ್ನ ಕೈ ಹೊರಗಿನ ಹಿಡಿಯ ಮೇಲೇ ಇರುತ್ತದೆ, ಅಕ್ಕನಿಗೆ ಆ ಭಾಗ್ಯ ಇರಲಿಲ್ಲ. ಒತ್ತಿ. ದೀಪ ಹತ್ತುತ್ತದೆ. ಗೇಟಿನ ಫೋನು ಕೂಗಿದರೆ ನಾನು ನಿಮ್ಮ ಕಾಲಿಗೆ ಬೀಳುತ್ತೇನೆ, ಕುಡಿದಿದ್ದೆ ಎಂದೂ ಒಪ್ಪಿಕೊಳ್ಳುತ್ತೇನೆ. ಕೂಗದಿದ್ದರೆ, ಅದು ಸರಿಹೋಗುವ ತನಕ ಆ ಕೋಣೆಗೆ ಇಬ್ಬರನ್ನು ಕಳಿಸುವ ಆಜ್ಞೆಗೆ ಅಲ್ಲೇ, ಆ ಚಳಿಯಲ್ಲೇ ಸಹಿ ಹಾಕಿ.

ಮೊನ್ನೆ ನಿಮ್ಮ ಬಾಗಿಲನ್ನು ಬಡಿದು ಹೋದದ್ದಕ್ಕೆ ಕ್ಷಮೆ ಕೇಳಬೇಕೆಂದು ಜವಾನರ ಹತ್ತಿರ ಹೇಳಿ ಕಳಿಸಿದ್ದೀರಿ. ಕೇಳುವುದಿಲ್ಲ. ಈ ಪತ್ರವನ್ನು ನಾನೇ ತಂದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ, ಹೋಗುವಾಗ ಇನ್ನೊಂದು ಸಲ ಬಡಿಯುತ್ತೇನೆ, ಮೈಯಲ್ಲಿ ಇರುವಷ್ಟು ಬಲ ಹಾಕಿ. ಇಡೀ ಕಚೇರಿ ತಲೆ ಎತ್ತುತ್ತದೆ. ಯಾರಾದರೊಬ್ಬರು ಏನಾಯಿತು ಎಂದು ಓಡಿ ಬಂದೇ ಬರುತ್ತಾರೆ. ಸದ್ದು ಮಾಡುವ ಬಾಗಿಲಿನ ಹಿಂದೆ ಕೂತಿದ್ದೀರಿ, ಪುಣ್ಯವಂತರು.

ಇಂತಿ,
ಪರೀಕ್ಷೆಯ ದಿನ ನಿಮಗಾಗಿ ಬಾಗಿಲು ಹಿಡಿದು ನಿಂತಿದ್ದವನು