ಪರದೆಯ ಮೇಲೆ ಕಂಡ ಬೆಳ್ಳಿ

ಸ್ತೂರ್‌ನೆಸ್,
ನವೆಂಬರ್ 16

ಪ್ರೀತಿಯ ಸಿನ್ನೊವೆ,

ನೀನೂ ಮಗು ಇಲ್ವಾಳೂ ಎಲ್ಲೋ ಬೆಚ್ಚಗಿದ್ದೀರಿ ಎಂದುಕೊಂಡೇ ಬರೆಯಲು ಕುಳಿತಿದ್ದೇನೆ. ನೀವು ಊರು ಬಿಟ್ಟ ವಾರವೇ ನಾನು ಬರೆಯಬೇಕಿತ್ತು. ಕೆಲಸದ ನೆಪ ಹೇಳೋಣವೆಂದರೆ, ಚಳಿಗಾಲದಲ್ಲಿ ನಮ್ಮ ವಿಮಾನ ನಿಲ್ದಾಣದಲ್ಲಿ ಎಷ್ಟು ಕೆಲಸವಿರುತ್ತದೆಂದು ನಿನಗೆ ಗೊತ್ತು. ಗಾಳಿ ಎದ್ದರೆ ವಿಮಾನ ಇಳಿಯುವುದಿಲ್ಲ. ನಾನೂ ಟೂರ್ಲೈಫನೂ ತಪಾಸಣೆಯ ಯಂತ್ರದ ಪಕ್ಕದಲ್ಲಿ ಕಾಫಿ ಕುಡಿಯುತ್ತ ಕೂರುತ್ತೇವೆ. ನಿನ್ನ ವಿಳಾಸ ನನ್ನಲ್ಲಿಲ್ಲ. ಹೆಂಗಸರ ಆಶ್ರಯ ಕೇಂದ್ರಕ್ಕೆ ಫೋನು ಮಾಡಿದ್ದೆ. 'ಇಲ್ಲಿದ್ದಾರೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ಕಾಗದ ಕಳಿಸಿ, ಮುಟ್ಟೋ ಹಾಗಿದ್ರೆ ಮುಟ್ಟುತ್ತೆ,' ಎಂದಳು ಅಲ್ಲಿಯ ಹುಡುಗಿ. ಅವಳ ಮಾತು ನನಗೆ ಹಿಡಿಸಿತು.

ಊರಲ್ಲಿ ಹೊಸದೇನಿಲ್ಲ. ಸೂರ್ಯ ಇನ್ನೊಂದು ವಾರ ಇಣುಕಿ ಜನವರಿಯವರೆಗೆ ರಜೆ ಹಾಕುತ್ತಾನೆ. ಮೀನು ಕಾರ್ಖಾನೆಯಲ್ಲಿ ನಿನ್ನ ಜಾಗಕ್ಕೆ ಲಿಥುವೇನಿಯಾದವಳೊಬ್ಬಳು ಬಂದಿದ್ದಾಳೆ. ಕೈ ಚುರುಕಂತೆ, ಮಾತಿಲ್ಲವಂತೆ.

ಆ ದಿನದ ವಿಷಯ ಹೇಳಬೇಕು. ನಿನಗೆ ಅದರ ಅರ್ಧ ಮಾತ್ರ ಗೊತ್ತಿದೆ.

ನೀನು ಸಾಲಿನಲ್ಲಿ ನಿಂತ ರೀತಿ ನೋಡಿದಾಗಲೇ ನನಗೆ ಏನೋ ಅನ್ನಿಸಿತ್ತು. ನಮ್ಮೂರಿನವರು ವಿಮಾನಕ್ಕೆ ಹೇಗೆ ಬರುತ್ತಾರೆ? ಜೇಬಿನಲ್ಲಿ ಮೀನಿನ ಚೂರಿ, ಚೀಲದಲ್ಲಿ ಮಗಳಿಗೆಂದು ಜಾಮಿನ ಜಾಡಿ, ಕಂದು ಚೀಸಿನ ಇಡೀ ಗಟ್ಟಿ. ಆ ಚೀಸು ಪರದೆಯ ಮೇಲೆ ಥೇಟ್ ಸ್ಫೋಟಕದಂತೆ ಕಾಣುತ್ತದೆ. ದಿನಕ್ಕೊಮ್ಮೆ ಅದರ ಸಲುವಾಗಿಯೇ ಚೀಲ ಬಿಚ್ಚಿಸುತ್ತೇವೆ. ನೀನು ಬೆಲ್ಟು ಬಿಚ್ಚಿಟ್ಟು, ಬೂಟಿನ ದಾರ ಸಡಿಲಿಸಿ, ಶಾಂಪೂವನ್ನೂ ಮಗುವಿನ ಕೆಮ್ಮಿನ ಔಷಧವನ್ನೂ ಪಾರದರ್ಶಕ ಚೀಲದಲ್ಲಿ ಕೈಯಲ್ಲೇ ಹಿಡಿದು ಬಂದಿದ್ದೆ. ಮನೆಯಲ್ಲಿ ಅಭ್ಯಾಸ ಮಾಡಿ ಬಂದವಳ ಹಾಗೆ. ದೊಡ್ಡ ಪೆಟ್ಟಿಗೆ ಇಲ್ಲ, ಒಂದೇ ಕೈಚೀಲ.

'ಏನಮ್ಮಾ, ಮಗೂಗೆ ಕಣ್ಣು ತೋರ್ಸೋಕೆ ಇಷ್ಟು ದಪ್ಪ ಚೀಲನಾ?' ಎಂದ ಟೂರ್ಲೈಫ್. 'ಟ್ರುಮ್ಸದ ಆಸ್ಪತ್ರೇಲಿ ಹಾಸಿಗೇನೂ ಕೊಡಲ್ವಂತಾ?'

'ಎರಡು ರಾತ್ರಿ ಇರ್ಬೇಕಲ್ಲ,' ಎಂದೆ ನೀನು.

ಅಷ್ಟರಲ್ಲಿ ನಿನ್ನ ಮಗಳು ಇಲ್ವಾ, 'ಅತ್ತೆ, ಅಮ್ಮ ನಂಗೆ ಮೂರು ಲಂಗ ಹಾಕಿದಾಳೆ, ಒಂದರ ಮೇಲೊಂದು,' ಎಂದಳು ಹೆಮ್ಮೆಯಿಂದ.

ನಿನ್ನ ಹಿಂದೆಯೇ ಯೋರ್ದಿಸ್ ನಿಂತಿದ್ದಳು, ನನ್ನ ತಮ್ಮ ಯೋಸ್ಟೈನನನ್ನು ಬ್ಯಾಪ್ಟಿಸಮ್ಮಿನಲ್ಲಿ ಎತ್ತಿಕೊಂಡಿದ್ದ ಧರ್ಮತಾಯಿ. 'ಮೂರಾ? ನಮ್ಮೂರಿಗಿಂತ ಅಲ್ಲೇ ಬೆಚ್ಚಗಿದೆ ಕಣೆ. ಮಗು ಬೆಂದುಹೋಗುತ್ತೆ,' ಎಂದು ನಕ್ಕಳು. ಅವಳ ಕೈಯಲ್ಲಿ ಫೋನಿತ್ತು. ನನ್ನ ತಮ್ಮ ಹೊರಗೆ ಕಾರಿನಲ್ಲಿದ್ದ. ವಿಮಾನ ನೆಲ ಬಿಡುವವರೆಗೆ ಅವನು ಹೋಗುವವನಲ್ಲ.

ನಿನ್ನ ಚೀಲ ಯಂತ್ರದೊಳಗೆ ಹೋಯಿತು. ಮಗುವಿನ ಮುಂದಿನ ವರ್ಷದ ಅಳತೆಯ ಹಿಮಬೂಟು. ಬ್ಯಾಪ್ಟಿಸಮ್ಮಿನ ಬಟ್ಟಲು. ನಡುವೆ, ಬಟ್ಟೆಯಲ್ಲಿ ಸುತ್ತಿದ್ದರೂ ಎದ್ದು ಕಾಣುವಂತೆ, ಗುಂಡಗೆ, ಅಂಚಿನಲ್ಲಿ ಪುಟ್ಟ ಪುಟ್ಟ ಎಲೆಗಳು ತೂಗುವ ಬೆಳ್ಳಿಯ ಪದಕ. ಅದು ನಮ್ಮಜ್ಜಿಯದು. ನಿನ್ನ ಮದುವೆಯ ದಿನ ನಾನೇ ನಿನ್ನ ಎದೆಗೆ ಚುಚ್ಚಿದ್ದೆ. ಮೇ ಹದಿನೇಳರ ರಾಷ್ಟ್ರೀಯ ಹಬ್ಬಕ್ಕೆ, ಮದುವೆಗೆ, ಅಷ್ಟಕ್ಕೇ ತೊಡುವ ಬೆಳ್ಳಿಯನ್ನು ಕಣ್ಣಿನ ಪರೀಕ್ಷೆಗೆ ಯಾರೂ ಒಯ್ಯುವುದಿಲ್ಲ.

ಪದಕದ ಕೆಳಗೆ ಒಂದು ಕಪ್ಪು ಜಾಗವಿತ್ತು. ಕಣ್ಣಿಗೆ ಬಿಡಿಸಿ ಕಾಣದ್ದನ್ನು ಬಿಚ್ಚಿ ನೋಡಬೇಕು, ಅದೇ ನಿಯಮ. ಬಿಚ್ಚುವುದು ಎಲ್ಲರ ಎದುರು, ಉದ್ದನೆಯ ಮೇಜಿನ ಮೇಲೆ. ನಾನು ಚೀಲ ಸಾಗಿಸುವ ಪಟ್ಟಿಯನ್ನು ನಿಲ್ಲಿಸಿದೆ.

ಅದೇ ಹೊತ್ತಿಗೆ ನೀನು ದಾಟುತ್ತಿದ್ದ ಲೋಹ ಪತ್ತೆಯ ಬಾಗಿಲು ಕೂಗಿತು. ಲೋಹವಿಲ್ಲದಿದ್ದರೂ ಅದು ಆಗಾಗ ಯಾರನ್ನಾದರೂ ಹಾಗೆ ಆರಿಸುತ್ತದೆ. ಹೆಂಗಸರನ್ನು ಮುಟ್ಟಿ ನೋಡುವವಳು ನಾನೊಬ್ಬಳೇ. ಎದ್ದು ಬಂದೆ. 'ಕೈ ಎತ್ತು,' ಎಂದೆ. ನೀನು ಎಡಗೈ ಎತ್ತಿದೆ. ಬಲಗೈ ಭುಜದವರೆಗೆ ಬಂದು ನಿಂತಿತು. ನನ್ನ ಬೆರಳು ಪಕ್ಕೆಗೆ ತಾಕಿದ್ದೇ ನೀನು ಉಸಿರು ಹಿಡಿದೆ. ಸ್ವೆಟರಿನ ಒಳಗೆ ಬಿಗಿಯಾದ ಬ್ಯಾಂಡೇಜು ಸುತ್ತಿತ್ತು. ಅಲ್ಲಿಯವರೆಗೆ ನನಗೆ ಏನೂ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಗೊತ್ತಿತ್ತು ಎಂದರೂ ಪೂರ್ತಿ ನಿಜವಲ್ಲ. ನೀನು ನನ್ನ ಮುಖ ನೋಡಲಿಲ್ಲ. ನಿನ್ನ ಕಣ್ಣು ಸ್ವೆಟರಿನ ಗುಂಡಿಯ ಮೇಲೇ ಇತ್ತು.

'ಚೀಲ ಬಿಚ್ಬೇಕಾ?' ಎಂದು ಟೂರ್ಲೈಫ್ ಕೇಳಿದ, ಕೈಗವಸು ಹಾಕಿಕೊಳ್ಳುತ್ತ.

'ಬೇಡ. ಮಗೂದು ಕೂದಲಿನ ಪಿನ್ನು,' ಎಂದು ಹೇಳಿ ಕುಳಿತು ಹಸಿರು ಗುಂಡಿ ಒತ್ತಿದೆ.

'ಅಷ್ಟು ಪಿನ್ನಾ? ಕೂದಲೇ ಇಲ್ವಲ್ಲ ಈ ಮಗೂಗೆ,' ಎಂದ ಅವನು. ಯೋರ್ದಿಸ್ ಮತ್ತೆ ನಕ್ಕಳು. ನೀನು ಚೀಲ ಹೊತ್ತು ಹೋದೆ.

ನಾನು ಈ ಕೆಲಸಕ್ಕೆ ಸೇರುವಾಗ ಪ್ರಮಾಣ ಮಾಡಿದ್ದೇನೆ. ಆ ಕಪ್ಪು ಜಾಗದಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಆ ವಿಮಾನದಲ್ಲಿ ಹದಿನಾಲ್ಕು ಜನರಿದ್ದರು. ಬೇರೆ ಯಾರಾಗಿದ್ದರೂ ಬಿಚ್ಚಿಸುತ್ತಿದ್ದೆ. ಈಗಲೂ ಕೆಲವೊಮ್ಮೆ ಬೇರೊಬ್ಬರ ಚೀಲ ನೋಡುತ್ತಿರುವಾಗ ಕೈ ತಾನಾಗಿ ನಿಲ್ಲುತ್ತದೆ. ಕೆಲಸ ಬಿಡಬೇಕೇನೋ, ತಿಳಿಯುತ್ತಿಲ್ಲ.

ವಿಮಾನ ಏರಿದ ಮೇಲೆ ಯೋಸ್ಟೈನ್ ಒಳಗೆ ಬಂದ. 'ಅಕ್ಕಾ, ಸರಿಯಾಗಿ ಹತ್ತಿದ್ರಾ? ಮಗು ಅಳಲಿಲ್ವಾ?' ಎಂದು ಕೇಳಿ, ನಮ್ಮ ಜೊತೆ ಕಾಫಿ ಕುಡಿದು ಹೋದ. ಎರಡು ದಿನದ ನಂತರ ಮಗುವಿನ ಹಿಮಬಂಡಿ ಎಳೆದುಕೊಂಡು ಬಂದು ಕಾದ. ಕೊನೆಯ ಪ್ರಯಾಣಿಕ ಹೊರಬಂದ ಮೇಲೂ, ಟೂರ್ಲೈಫ್ ದೀಪ ಆರಿಸುವವರೆಗೂ, ನಿಂತೇ ಇದ್ದ.

ಆ ಬೆಳ್ಳಿ ಇಲ್ವಾಳದು. ಮಾರುವ ಪರಿಸ್ಥಿತಿ ಬಂದರೆ ಮಾರು, ಅಜ್ಜಿ ಏನೂ ಅಂದುಕೊಳ್ಳುವುದಿಲ್ಲ. ಪಕ್ಕೆಯನ್ನು ಡಾಕ್ಟರಿಗೆ ತೋರಿಸು. ಮಗುವಿಗೆ ನನ್ನ ಮುತ್ತು. ನಿಮ್ಮಿಬ್ಬರ ನಿದ್ದೆಗೆ ಯಾರ ಹೆಜ್ಜೆಯ ಸದ್ದೂ ಅಡ್ಡ ಬಾರದಿರಲಿ.

ನಿನ್ನ
ಗುನ್‌ವೋರ್

ಮರೆತ ಮಾತು: ಈ ಕಾಗದಕ್ಕೆ ಉತ್ತರ ಬರೆಯಬೇಡ. ಯಾವ ಊರಿನಲ್ಲಿದ್ದೀಯೆಂದು ಬೇರೆಯವರ ಮೂಲಕವೂ ತಿಳಿಸಬೇಡ. ಯೋಸ್ಟೈನ್ ಈಗ ದಿನವೂ ಸಂಜೆ ನನ್ನ ಮನೆಗೇ ಊಟಕ್ಕೆ ಬರುತ್ತಾನೆ, ತಟ್ಟೆ ತೊಳೆದಿಟ್ಟು ಹೋಗುತ್ತಾನೆ. ಅಮ್ಮ ಸತ್ತಾಗ ಅವನಿಗೆ ಆರು ವರ್ಷ. ಎತ್ತಿ ಬೆಳೆಸಿದವಳು ನಾನು. ನಿನ್ನೆ ಮೇಜಿನ ಮೇಲೆ ತಲೆಯಿಟ್ಟು, 'ಅಕ್ಕಾ, ಎಲ್ಲಿದ್ದಾರೆ ಅಂತ ಒಂದೇ ಒಂದು ಮಾತು ಹೇಳು,' ಎಂದು ಅತ್ತ. ಗೊತ್ತಿದ್ದರೆ ಹೇಳಿಬಿಡುತ್ತಿದ್ದೆ, ಸಿನ್ನೊವೆ.