ಗೋಡೆಗೇರಿದ ಬಿಲ್ಲೆಗಳು

ಅಕ್ಟೋಬರ್ ಒಂಬತ್ತು, ಗುರುವಾರ

ಪ್ರೀತಿಯ ಅಕ್ಕಾ,

ಮೊದಲು ನನ್ನನ್ನು ಮನಸಾರೆ ಬೈದುಬಿಡು, ಆಮೇಲೆ ಓದು. ನಿನ್ನ ಎರಡು ಪತ್ರ ಬಂದು ಕೂತಿವೆ. ಉತ್ತರ ಬರೆಯದೆ ನಾನೂ ಕೂತಿದ್ದೇನೆ. ಕೆಲಸ ಜಾಸ್ತಿಯಿತ್ತು ಎಂದು ಬರೆಯಬಹುದು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪೆನ್ನು ಹಿಡಿದಾಗಲೆಲ್ಲ ಒಂದು ಸಾಲು ಬರೆದು ಹರಿದು ಹಾಕುತ್ತಿದ್ದೆ. ಇದನ್ನು ಒಂದೇ ಉಸಿರಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ಉದ್ದಕ್ಕಿದ್ದೇನೆಂದು ಗಿರಣಿಯ ವಠಾರದಲ್ಲಿ ನೀನು ನನಗೆ ‘ಏಣಿ’ ಎಂದು ಹೆಸರಿಟ್ಟೆ. ಆ ಹೆಸರಿನ ಋಣ, ಈಗ ದಿನವೆಲ್ಲ ಏಣಿಯ ಮೇಲೇ ನಿಂತು ಕಂಡವರ ಗೋಡೆಗೆ ಬಣ್ಣ ಬಳಿಯುತ್ತಿದ್ದೇನೆ.

ಮಂಡಿನೋವು ಹೇಗಿದೆ? ಮೊಮ್ಮಗಳು ಗೋಡೆ ಹಿಡಿದು ನಡೆಯುತ್ತಾಳೆ ಎಂದು ಬರೆದಿದ್ದೆ. ಹಾಗಾದರೆ ಸದ್ಯಕ್ಕೆ ಬಣ್ಣ ಬಳಿಸಬೇಡ. ಹೊಸ ಗೋಡೆಯ ಮೊಣಕಾಲೆತ್ತರಕ್ಕೆ ಸುತ್ತಲೂ ಅಂಗೈ ಅಚ್ಚು ಬೀಳುತ್ತದೆ, ಆಮೇಲೆ ಅದೇ ಚೆನ್ನಾಗಿದೆ ಎಂದು ನೀನೇ ಅಳಿಸಲು ಬಿಡುವುದಿಲ್ಲ.

ನಿನ್ನ ಕೋಣೆಗೆ ಯಾವ ಬಣ್ಣ ಎಂದು ಕೇಳಿದ್ದೀಯ. ‘ಮಗ ಬರೋ ಹೊತ್ತಿಗೆ ಕೋಣೆ ಲಕ್ಷಣವಾಗಿರಬೇಕು, ಅವನ ಇಷ್ಟ ನಿನಗೇ ಗೊತ್ತಲ್ಲ’ ಎಂದು ಬರೆದಿದ್ದೀಯ. ಆ ಸಾಲು ಓದಿ ಪತ್ರ ಮಡಚಿಟ್ಟೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬಣ್ಣದ ಮಾತು ಮುಗಿಸುತ್ತೇನೆ, ಅದಾದರೆ ನನಗೆ ಗೊತ್ತಿರುವ ಕೆಲಸ.

ಈ ಋತುವಿನ ಬಣ್ಣ ಇಟ್ಟಿಗೆ ಕೆಂಪು. ಹೋದ ಋತುವಿನದು ಪಾಚಿ ಹಸಿರು. ಮುಂದಿನದು ಯಾವುದೋ, ಅದನ್ನು ನಿರ್ಧರಿಸುವ ದೊರೆಗಳು ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕೂತಿರುತ್ತಾರೆ. ಅವರು ಹೇಳಿದರೆಂದು ನಾಲ್ಕೂ ಗೋಡೆಗೆ ಬಳಿಸಿಕೊಳ್ಳಬೇಡ. ಗೋಡೆ ಹಾಲುಬಿಳಿಯೇ ಇರಲಿ. ಕೆಂಪು ಬೇಕೇ ಬೇಕೆಂದರೆ ದಿಂಬಿನ ಚೀಲಕ್ಕೆ, ಕಿಟಕಿಯ ಪರದೆಗೆ ಹೊಲಿದುಕೋ. ಬೇಸರವಾದ ದಿನ ಕಳಚಿ ಎಸೆಯಬಹುದು. ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಗುಂಡಿಗಳಿವೆಯಲ್ಲ, ಅವನ್ನು ಅಲ್ಲೊಂದು ಇಲ್ಲೊಂದು ಚೆಲ್ಲಬೇಡ, ಒಂದೇ ಗಾಜಿನ ಜಾಡಿಗೆ ತುಂಬಿ ಬೆಳಕು ಬೀಳುವ ಕಡೆ ಇಡು. ಒಬ್ಬರು ಕೂಡಿಟ್ಟದ್ದೆಲ್ಲ ಒಟ್ಟಿಗಿದ್ದರೆ ನೋಡುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಇದು ನನ್ನ ಮಾತಲ್ಲ, ನಮ್ಮ ಮೇಡಂ ಮಾತು. ಮನೆ ಅಲಂಕರಿಸಿ ಕೊಡುವ ಕಂಪನಿ ಅವಳದು, ಗೋಡೆಯ ಕೆಲಸ ನನ್ನದು.

ಎರಡು ತಿಂಗಳ ಹಿಂದೆ ಮೇಡಂ ನನ್ನನ್ನು ಒಂದು ದೊಡ್ಡ ಮನೆಗೆ ಕರೆದುಕೊಂಡು ಹೋದಳು. ಯಾರ ಮನೆ ಎಂದು ನಾನು ಕೇಳಲಿಲ್ಲ. ನಡುಮನೆಯ ಗೋಡೆ ಖಾಲಿ ಮಾಡುವಾಗ ಒಂದು ಭಾರದ ಫೋಟೋ ಇಳಿಸಿದೆ. ಅದರಲ್ಲಿ ಒಂದು ಕಬ್ಬಿಣದ ಗೇಟು, ಗೇಟಿನ ಮುಂದೆ ಕತ್ತರಿ ಹಿಡಿದು ಹಲ್ಲು ಕಿರಿದ ಮನುಷ್ಯ. ನಮ್ಮ ಬಣ್ಣದ ಗಿರಣಿಯ ಗೇಟು, ಅಕ್ಕಾ. ಆ ಗಿರಣಿಯ ಯಜಮಾನ.

ಬ್ರಷ್ಷು ಎಸೆದು ಹೊರಟುಬರಬಹುದಿತ್ತು. ಬರಲಿಲ್ಲ. ಆ ಗೇಟಿನ ಮುಂದೆ ಕೂಗಿ ಕೂಗಿ ಗಂಟಲು ಹರಿದುಕೊಂಡವರು ನಾವು. ಒಂದು ದಿನವಾದರೂ ಒಳಗೆ ಬಿಟ್ಟನೇ? ಈಗ ಅವನ ನಡುಮನೆಯಲ್ಲೇ ನಿಂತಿದ್ದೇನೆ, ನೋಡಿಯೇಬಿಡೋಣ ಎಂಬ ಹಟ ಬಂತು. ಯಜಮಾನ ಹೊರದೇಶಕ್ಕೆ ಹೋಗಿದ್ದ. ಮನೆಯಲ್ಲಿದ್ದದ್ದು ಅವನ ಸೊಸೆ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಗುಮುಖದ ಹುಡುಗಿ, ನನ್ನನ್ನು ‘ಪೇಂಟರಮ್ಮ’ ಎನ್ನುತ್ತಿದ್ದಳು.

ಮೇಡಂ ಅವಳಿಗೆ ದಿನಾ ಪಾಠ ಹೇಳುತ್ತಿದ್ದಳು. “ಬಣ್ಣ ನಾನು ಕೊಡ್ತೀನಿ, ಜೀವ ನೀವು ಕೊಡಬೇಕು. ಅಂಗಡಿಯಿಂದ ತಂದ ಹೂದಾನಿ ಎಲ್ಲರ ಮನೇಲೂ ಇರುತ್ತೆ. ನಿಮ್ಮ ಮನೇಲಿ ಮಾತ್ರ ಇರೋದು ಏನಿದೆ, ಹುಡುಕಿ.”

ಹುಡುಗಿ ಹುಡುಕಿದಳು. ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಎಳೆದುಕೊಂಡು ಬಂದಳು. ಮೇಲೆ ಸೀಳುಬಾಯಿ, ಪಕ್ಕದಲ್ಲಿ ತುಕ್ಕು ಹಿಡಿದ ಬೀಗ.

“ಪೇಂಟರಮ್ಮ, ಒಂದೇಟು ಹಾಕಿ. ನಿಧಿ ಸಿಕ್ಕಿದ್ರೆ ನಿಮಗೂ ಪಾಲು.”

ಸುತ್ತಿಗೆಯಿಂದ ಬೀಗ ಒಡೆದದ್ದು ನಾನೇ. ಒಳಗಿದ್ದದ್ದು ಬಿಲ್ಲೆಗಳು. ಕಪ್ಪಾದ ಹಿತ್ತಾಳೆ ಬಿಲ್ಲೆಗಳು, ಒಂದೊಂದರ ಮೇಲೂ ಒಂದು ಅಂಕಿ.

ನಮ್ಮ ಮೊಕದ್ದಮೆ ನಡೆಸಿದ ವಕೀಲರಿಗೆ ಬಿಡಿಸಿ ಹೇಳಿದಂತೆ ನಿನಗೂ ಹೇಳುತ್ತೇನೆ. ಹೆಂಗಸರು ಗೇಟು ದಾಟಿ ಒಳಗೆ ಹೋದವರಲ್ಲ, ನಾವು ಕಂಡದ್ದು ಗಂಡಸರ ಜೇಬಿನಲ್ಲಿದ್ದ ಬಿಲ್ಲೆ ಮಾತ್ರ. ಕೆಲಸಕ್ಕೆ ಹೋದವನು ಗೇಟಿನಲ್ಲಿ ತನ್ನ ಬಿಲ್ಲೆಯನ್ನು ಪೆಟ್ಟಿಗೆಯ ಸೀಳಿನೊಳಗೆ ಹಾಕಬೇಕು. ಪಾಳಿ ಮುಗಿಸಿ ಹೊರಬರುವಾಗ ಕಾವಲುಗಾರ ಪೆಟ್ಟಿಗೆ ತೆಗೆದು ಅವನ ಬಿಲ್ಲೆ ಅವನ ಕೈಗೆ ಕೊಡಬೇಕು. ಇದನ್ನು ನನ್ನವರು ಎಷ್ಟು ಸಲ ಹೇಳಿದ್ದರು! “ನನ್ನ ಹೆಸರು ಅವರಿಗೆ ಗೊತ್ತಿಲ್ಲ ಕಣೇ. ನಾನು ಮುನ್ನೂರ ಹದಿನೆಂಟು” ಎಂದು ನಗುತ್ತಿದ್ದರು. ಹಾಗಾದರೆ ಪೆಟ್ಟಿಗೆಯಲ್ಲೇ ಉಳಿದ ಬಿಲ್ಲೆ ಯಾರದು? ಒಳಗೆ ಹೋದವನದು. ಹೊರಗೆ ಬಾರದವನದು.

ಬಟ್ಟೆಗೆ ಬಣ್ಣ ಹಾಕುವ ಆ ಗಿರಣಿ ಓಡುತ್ತಿದ್ದದ್ದೂ ಈ ಹಾಳು ಋತುವಿನ ಬಣ್ಣಕ್ಕೇ ಅಲ್ಲವೇ? ಅಂಗಡಿಗೆ ಬಟ್ಟೆ ಬರುವ ಮೊದಲೇ ಆ ಸಲದ ಬಣ್ಣ ಯಾವುದೆಂದು ಗಂಡಸರ ಉಗುರು ನಮಗೆ ಹೇಳುತ್ತಿತ್ತು. ಬೆಂಕಿ ಬಿದ್ದ ವರ್ಷ ಹಳದಿ. ಗಡುವಿಗೆ ಬಟ್ಟೆ ಮುಗಿಯಲೆಂದು ಹಿಂದಿನ ಶೆಡ್ಡಿಗೆ ಹೊರಗಿನಿಂದ ಬೀಗ ಜಡಿದು ದುಡಿಸಿದರು. ಹಾಡಹಗಲೇ ಶೆಡ್ಡು ಉರಿಯಿತು. ಮರುದಿನವೇ ಬೂದಿಯನ್ನು ಲಾರಿಗೆ ತುಂಬಿ ಸಾಗಿಸಿದರು. “ಆ ಶೆಡ್ಡಲ್ಲಿ ಅವತ್ತು ಯಾರೂ ಇರಲಿಲ್ಲ. ಗೇಟಿನ ಪೆಟ್ಟಿಗೆನೂ ಸುಟ್ಟುಹೋಯ್ತು” ಎಂದ ಮ್ಯಾನೇಜರ್. ನನ್ನ ಮುಖಕ್ಕೇ ಹೇಳಿದ, “ನಿನ್ನ ಗಂಡ ಇನ್ನೆಲ್ಲೋ ಇನ್ನೊಂದು ಸಂಸಾರ ಹೂಡಿರ್ತಾನೆ, ಹೋಗಿ ಹುಡುಕು.” ನಿನ್ನ ಮಗ ಯಾವಳ ಜೊತೆಯೋ ಓಡಿಹೋದ ಎಂದ. ಆಗ ನೀನು ಅಳಲಿಲ್ಲ. “ಓಡಿಹೋಗಿದ್ರೆ ಹೋಗ್ಲಿ ಬಿಡು, ಎಲ್ಲಾದ್ರೂ ಚೆನ್ನಾಗಿರ್ಲಿ” ಎಂದೆ. ಆ ಒಂದು ಮಾತಿನ ಮೇಲೆ ಇಷ್ಟು ವರ್ಷ ಬದುಕಿದ್ದೀಯ.

ಸುಡದ ಪೆಟ್ಟಿಗೆ ಅವನ ಅಟ್ಟದಲ್ಲಿತ್ತು, ಅಕ್ಕಾ. ಸುಟ್ಟದ್ದು ನಮ್ಮವರು ಮಾತ್ರ.

ಮೇಡಂ ಕೈ ತಟ್ಟಿದಳು. “ಅಯ್ಯೋ, ಇದನ್ನ ಅಟ್ಟದಲ್ಲಿ ಇಟ್ಟಿದ್ರಾ! ಇಟ್ಟಿಗೆ ಕೆಂಪಿನ ಮೇಲೆ ಹಿತ್ತಾಳೆ ಅಂದ್ರೆ ಗೋಡೆ ಧಗಧಗ ಅನ್ನುತ್ತೆ. ನಿಮ್ಮ ಮನೆತನದ ಕಥೆ ಇದು.” ಹುಡುಗಿಗೆ ಖುಷಿಯೋ ಖುಷಿ. “ಮಾವಂಗೆ ಹೇಳ್ಬೇಡಿ, ಬಂದಾಗ ನೋಡ್ಲಿ” ಎಂದಳು. ಅವಳಿಗೆ ಗೊತ್ತಿರಲಿಲ್ಲ. ಯಾರೂ ಅವಳಿಗೆ ಹೇಳಿರಲಿಲ್ಲ. ಯಾಕೆ ಹೇಳುತ್ತಾರೆ?

ಪಾಲಿಶ್ ಹಚ್ಚಿ ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ಒಂದೊಂದೇ ಉಜ್ಜಿದೆ. ಕಪ್ಪು ಬಿಟ್ಟು ಅಂಕಿ ಮೇಲೆದ್ದು ಬರುತ್ತಿತ್ತು. ಮುನ್ನೂರ ಹದಿನೆಂಟೂ ಬಂತು. ಸವೆದ ಬಿಲ್ಲೆ, ಅಂಚು ಕೊಂಚ ಬಾಗಿತ್ತು. ಬಟ್ಟೆಯಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಹೋದೆ. ನಲ್ಲಿ ತಿರುಗಿಸಿ, ನೀರಿನ ಸದ್ದು ಜೋರಾದ ಮೇಲೆ ಅತ್ತೆ. ಅತ್ತೆನೋ, ವಾಂತಿ ಮಾಡಿದೆನೋ, ನೆನಪಿಲ್ಲ. ಮುಖ ತೊಳೆದು ಬಂದು ಉಳಿದವನ್ನು ಉಜ್ಜಿದೆ.

ಬಾಯಿ ಬಿಡಬೇಕಿತ್ತು ಎನ್ನುತ್ತೀಯ. ನಾನೂ ದಿನಕ್ಕೆ ಹತ್ತು ಸಲ ಹಾಗೇ ಅಂದುಕೊಂಡೆ. ಆದರೆ ಅಕ್ಕಾ, ಗೇಟಿನ ಮುಂದೆ ನೂರು ಜನರ ನಡುವೆ ಕೂಗುವುದು ಬೇರೆ. ಅವನ ಮನೆಯೊಳಗೆ ಒಬ್ಬಳೇ ನಿಂತಿರುವುದು ಬೇರೆ. 

ಇಂಥ ಕೆಲಸಕ್ಕೊಂದು ಕ್ರಮವಿದೆ. ನೆಲದ ಮೇಲೆ ದೊಡ್ಡ ಕಾಗದ ಹಾಸಿ ಮೊದಲು ಅಲ್ಲಿ ಜೋಡಿಸುತ್ತೇವೆ. ಒಪ್ಪಿಗೆಯಾದರೆ ಕಾಗದವನ್ನು ಗೋಡೆಗೆ ಅಂಟಿಸಿ, ಗುರುತಿನ ಮೇಲೆ ಮೊಳೆ ಹೊಡೆದು, ಕಾಗದ ಹರಿದು ತೆಗೆಯುತ್ತೇವೆ. ಮೇಡಂ ಮಂಡಿಯೂರಿ ಕೂತು ಒಂದೊಂದನ್ನೂ ಜರುಗಿಸಿದಳು. ನನ್ನವರದನ್ನು ಎತ್ತಿ “ಇದು ಸವೆದಿದೆ, ಮೂಲೆಗಿರ್ಲಿ” ಎಂದಳು. ಮೂಲೆಗೆ ಹಾಕಿದೆ. ಮೊಳೆ ಹೊಡೆದೆ. ಸುತ್ತಿಗೆಯ ಒಂದು ಏಟೂ ತಪ್ಪಲಿಲ್ಲ. ಬದುಕಿದ್ದಾಗ ಅವರ ಮೈಗಂಟಿದ ಬಣ್ಣ ಮಾರಿದರು, ಸತ್ತ ಮೇಲೆ ಅಂಕಿಯನ್ನೂ ಒಡವೆ ಮಾಡಿಕೊಂಡರು. ಒಡವೆ ತೊಡಿಸಿದವಳು ನಾನು.

ಕಳೆದ ಸೋಮವಾರ ಯಜಮಾನ ಬಂದ. ನಾನು ಏಣಿಯ ಮೇಲೆ ನಿಂತು ಸೂರಿನ ಅಂಚಿಗೆ ಕೊನೆಯ ಕೈ ಬಳಿಯುತ್ತಿದ್ದೆ. ಹುಡುಗಿ ಓಡಿಹೋಗಿ ಅವನ ಕೈ ಹಿಡಿದು ಎಳೆದುಕೊಂಡು ಬಂದಳು. “ಮಾವಾ, ಕಣ್ಣು ಬಿಡಿ!”

ಅವನು ಕಣ್ಣು ಬಿಟ್ಟ.  ಚೀಲವನ್ನು ನಿಧಾನವಾಗಿ ನೆಲಕ್ಕಿಟ್ಟ.

“ಇದನ್ನ ತೆಗೆದಿದ್ದು ಯಾರು?”

“ನಾನೇ ಮಾವ. ಚೆನ್ನಾಗಿಲ್ವಾ?”

“ಬೀಗ?”

ಹುಡುಗಿ ನನ್ನ ಕಡೆ ನೋಡಿದಳು. ಅವನೂ ನೋಡಿದ. ಗದರಲಿಲ್ಲ ಅಕ್ಕಾ, ಗದರಿದ್ದರೆ ಧೈರ್ಯ ಬರುತ್ತಿತ್ತು. ಮೆತ್ತಗೆ, ಮಗುವನ್ನು ಕೇಳುವ ಹಾಗೆ ಕೇಳಿದ.

“ಎಲ್ಲಿಂದ ಬರ್ತೀಯಮ್ಮಾ ನೀನು?”

“ಮಾರ್ಕೆಟ್ ಹಿಂದೆ, ಸಾರ್.”

“ಅದಕ್ಕೂ ಮುಂಚೆ?”

“ಅಲ್ಲೇ ಹುಟ್ಟಿದ್ದು, ಸಾರ್.”

“ಗಂಡ?”

“ಲಾರಿ ಡ್ರೈವರ್.”

“ಮನೇಲಿದ್ದಾನಾ?”

“ಇದಾರೆ, ಸಾರ್” ಎಂದೆ. ನನ್ನ ಮೊಣಕೈ ಪಕ್ಕದಲ್ಲೇ ಮುನ್ನೂರ ಹದಿನೆಂಟು ಹೊಳೆಯುತ್ತಿತ್ತು.

“ಎಲ್ಲಾ ಇಳಿಸು. ಈಗಲೇ.”

ಬಣ್ಣದ ಬಕೆಟ್ಟು ಏಣಿಯ ಕೊಕ್ಕೆಗೆ ನೇತಾಡುತ್ತಿತ್ತು. ಅವನು ಬೆನ್ನ ಹಿಂದೆಯೇ ನಿಂತಿದ್ದ, ಉಸಿರು ಕೇಳುತ್ತಿತ್ತು. ಒಂದೊಂದೇ ಬಿಡಿಸಿ ಪೆಟ್ಟಿಗೆಗೆ ಹಾಕಿದೆ. ಮೂಲೆಯದು ಬಂದಾಗ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಬಿಲ್ಲೆ ಬಕೆಟ್ಟಿನೊಳಗೆ ಜಾರಿತು. ಗಟ್ಟಿ ಬಣ್ಣ, ಸದ್ದಿಲ್ಲದೆ ನುಂಗಿತು. ಹುಡುಗಿ ಕಂಡಳೆಂದು ನನ್ನ ಅನುಮಾನ. ಅವಳ ಮುಖ ಬಿಳಚಿಕೊಂಡಿತ್ತು. ಎಣಿಸು ಎಂದು ಮಾವ ಹೇಳಿದಾಗ ಪೆಟ್ಟಿಗೆಯೊಳಗೆ ಬೆರಳಾಡಿಸಿ, ನನ್ನನ್ನೇ ನೋಡುತ್ತ, “ಎಲ್ಲಾ ಇವೆ ಮಾವ” ಎಂದಳು. ಯಾಕೆ ಹಾಗೆ ಹೇಳಿದಳೋ ಇನ್ನೂ ತಿಳಿಯದು.

ಮಂಗಳವಾರ ನಮ್ಮ ಬೀದಿಗೆ ಒಬ್ಬ ಬಂದು ಕೇಳಿದನಂತೆ, “ಪೇಂಟಿಂಗ್ ಮಾಡೋ ಉದ್ದನೆ ಹೆಂಗಸು, ಗಂಡ ಲಾರಿ ಡ್ರೈವರಂತೆ, ಯಾವ ಮನೆ?” ಇಸ್ತ್ರಿ ಅಂಗಡಿಯವನು ಗಟ್ಟಿಗ. “ಉದ್ದನೆಯವರು ಇದ್ದಾರೆ, ಗಂಡ ಇರೋರು ಯಾರೂ ಇಲ್ಲ” ಎಂದುಬಿಟ್ಟ. ನನ್ನನ್ನು ಕಾಪಾಡಿದ ಎಂದುಕೊಂಡಿದ್ದಾನೆ ಪಾಪ. ಗಂಡ ಮನೆಯಲ್ಲಿದ್ದಾನೆಂಬ ನನ್ನ ಸುಳ್ಳು ಅಲ್ಲಿಗೆ ಬಯಲಾಯಿತು. ನಿನ್ನೆ ಅದೇ ಮನುಷ್ಯ ಎದುರಿನ ಕಟ್ಟೆಯ ಮೇಲೆ ಕೂತಿದ್ದ. ಇವತ್ತೂ ಕೂತಿದ್ದಾನೆ. ಕಿಟಕಿ ಮುಚ್ಚಿ ಬರೆಯುತ್ತಿದ್ದೇನೆ. ಮೇಡಂ ಫೋನ್ ಎತ್ತುತ್ತಿಲ್ಲ.

ಬಕೆಟ್ಟಿನಿಂದ ತೆಗೆದು ತೊಳೆದ ಬಿಲ್ಲೆ ಹಿಡಿದು ನಮ್ಮ ಗಿರಣಿ ಸಂಘದ ವಕೀಲರನ್ನು ಕಂಡೆ. ನಮ್ಮ ಮೊಕದ್ದಮೆ ನಡೆಸಿ ಸೋತವರೇ. ಬಿಲ್ಲೆ ನೋಡಿ ಅವರು ಕನ್ನಡಕ ತೆಗೆದರು. “ಇದೊಂದೇ ಆದ್ರೆ ಬೀದೀಲಿ ಬಿದ್ದಿತ್ತು ಅಂತಾರೆ. ಇನ್ನೊಬ್ಬರದು ಬೇಕು, ಇದು ನಮ್ಮವನದು ಅಂತ ಆ ಮನೆಯವರೂ ನಿಂತು ಹೇಳ್ಬೇಕು. ಆಗ ಆ ಅಟ್ಟ ಜಾಲಾಡಿಸೋಕೆ ಕೇಳಬಹುದು” ಎಂದರು. ಆ ಪೆಟ್ಟಿಗೆ ಅಲ್ಲಿವರೆಗೂ ಉಳಿದಿದ್ದರೆ! ಅವನು ಕರಗಿಸಿಬಿಡುತ್ತಾನೆ. ಅದಕ್ಕೇ ಅವಸರ.

ನನಗೆ ಈಗ ಎರಡು ಭಯ. ಒಂದು, ಆ ಕಟ್ಟೆಯ ಮೇಲೆ ಕೂತಿರುವವನದು. ಅದು ಅಷ್ಟು ದೊಡ್ಡದಲ್ಲ, ಹೆಚ್ಚೆಂದರೆ ಹೊಡೆದಾನು. ಇನ್ನೊಂದು ಈ ಪತ್ರದ್ದು. ಇದನ್ನು ಓದುವಾಗ ನಿನ್ನ ಪಕ್ಕದಲ್ಲಿ ಮಗಳಿರಲಿ.

ಮೊಮ್ಮಗಳ ಕೆನ್ನೆಗೊಂದು ಮುತ್ತು. ನಿನ್ನ ಮಗಳ ಮನೆ ತಂಪಾಗಿರಲಿ, ಅಳಿಯ ದುಡಿಯಹೋದ ಕಡೆಯಿಂದ ದಿನಾ ಸಂಜೆ ಮನೆಗೆ ಬರಲಿ. ಇದಕ್ಕಿಂತ ದೊಡ್ಡ ಹಾರೈಕೆ ನನಗೆ ತಿಳಿಯದು.

ಇಂತಿ ನಿನ್ನ
ಏಣಿ

ತಾ.ಕ.: ಬಕೆಟ್ಟಿನೊಳಗೆ ಜಾರಿದ್ದು ಒಂದಲ್ಲ, ಅಕ್ಕಾ. ಎರಡು. ಸಾಲುಗಳ ನಟ್ಟನಡುವೆ ಇರಲೆಂದು ಮೇಡಂ ಆರಿಸಿದ್ದು ಎಲ್ಲಕ್ಕಿಂತ ಹೊಸ ಬಿಲ್ಲೆಯನ್ನು. ಒಂದಿಷ್ಟೂ ಸವೆದಿರಲಿಲ್ಲ, ಸವೆಯಲು ಅವನು ಕೆಲಸಕ್ಕೆ ಸೇರಿ ಎಷ್ಟು ದಿನವಾಗಿತ್ತು? ನಾನೂರ ಎರಡು. ಆ ಅಂಕಿ ನಿನ್ನ ಮಗನದೇ ಎಂದು ವಕೀಲರಿಗೆ ಇನ್ನೂ ಹೇಳಿಲ್ಲ. ನೀನು ಬಾ ಎಂದರೆ ಹೇಳುತ್ತೇನೆ, ಬೇಡ ಎಂದರೆ ನನ್ನ ಜೊತೆಯೇ ಮಣ್ಣಾಗಲಿ. ಆದರೆ ತಿಳಿದೂ ತಿಳಿದೂ ಅವನು ಬರುತ್ತಾನೆಂದು ನಿನ್ನ ಕೋಣೆಗೆ ಬಣ್ಣ ಆರಿಸಿಕೊಡಲು ನನ್ನಿಂದಾಗದು. ಅವನು ಎಲ್ಲಿಗೂ ಓಡಿಹೋಗಿರಲಿಲ್ಲ, ಅಕ್ಕಾ. ಕೆಲಸಕ್ಕೆ ಹೋಗಿದ್ದ.